ಒತ್ತಡ ಇಳಿಸೋಕೆ ಅಂತ ಹಿಡಿದ ಹವ್ಯಾಸವೇ ತಲೆನೋವಾದ್ರೆ? ನೀವೆಲ್ಲ ಏನ್ ಮಾಡ್ತೀರ?

ಅರ್ಧನಿದ್ದೆ:
ಕೆಲಸ ಮುಗಿದ ಮೇಲೂ ತಲೆ ಮಾತ್ರ ಕೆಲಸ ನಿಲ್ಸಲ್ಲ, ಇದು ನನ್ನ ಸಮಸ್ಯೆ. ಲ್ಯಾಪ್‌ಟಾಪ್ ಮುಚ್ಚಿ ಎಷ್ಟೋ ಹೊತ್ತಾಗಿರುತ್ತೆ, ಒಳಗೆ ಸಂಜೆಯ ಮೀಟಿಂಗ್ ಇನ್ನೂ ನಡೀತಾನೇ ಇರುತ್ತೆ. ಅವರು ಹಾಗಂದಾಗ ನಾನು ಹೀಗನ್ನಬೇಕಿತ್ತು, ಆಗ ಅವರು ಏನಂತಿದ್ರು... ಹೀಗೇ.

"ಒಂದು ಹವ್ಯಾಸ ಇಟ್ಕೊ, ಎಲ್ಲ ಸರಿಹೋಗುತ್ತೆ" ಅಂತ ಎಲ್ಲರೂ ಹೇಳ್ತಾರೆ. ಸರಿ, ಓಡೋಕೆ ಶುರು ಮಾಡಿದೆ. ಮೊದಮೊದಲು ಚೆನ್ನಾಗೇ ಇತ್ತು. ಆಮೇಲೆ ಕೈಗೊಂದು ವಾಚ್ ಬಂತು, ಫೋನಿಗೊಂದು ಆ್ಯಪ್ ಬಂತು. ಈಗ ಬೆಳಿಗ್ಗೆ ಕಣ್ಣು ಬಿಡೋಷ್ಟರಲ್ಲಿ "ಇವತ್ತು ಓಡದಿದ್ದರೆ ನಿಮ್ಮ ಸರಣಿ ಮುರಿಯುತ್ತೆ" ಅಂತ ಮೆಸೇಜು. ಆಫೀಸಲ್ಲಿ ಒಬ್ಬ ಮ್ಯಾನೇಜರ್, ಮಣಿಕಟ್ಟಲ್ಲಿ ಇನ್ನೊಬ್ಬ. ಧ್ಯಾನಕ್ಕೂ ಕೂತು ನೋಡಿದ್ದೀನಿ. ಕಣ್ಣು ಮುಚ್ಚಿದ್ರೆ ನಾಳೆ ಕೆಲಸದ ಪಟ್ಟಿ ಕ್ರಮಸಂಖ್ಯೆ ಸಮೇತ ತಯಾರಾಗುತ್ತೆ.

ಕೇಳಬೇಕಾಗಿರೋದು ಇಷ್ಟೇ: ದಿನಕ್ಕೆ ಅರ್ಧ ಗಂಟೆ ತಲೇನ ಆ ಮೀಟಿಂಗಿಂದ ಎಬ್ಬಿಸಿ ಹೊರಗೆ ಕರ್ಕೊಂಡು ಬರೋ ಅಂಥದ್ದು ನಿಮ್ಮ ಅನುಭವದಲ್ಲಿ ಯಾವುದು? "ಪಾಸಿಟಿವ್ ಆಗಿ ಯೋಚಿಸಿ" ಅನ್ನೋರು ದಯವಿಟ್ಟು ಮುಂದಿನ ಚರ್ಚೆಗೆ ಹೋಗಿ.

ಕೊನೇಬೆಂಚು:
ವಾಚ್ ಬಿಚ್ಚಿಟ್ಟು ಓಡಿ. ಮುಗೀತು. ಮುಂದಿನ ಪ್ರಶ್ನೆ?

ನಡಿಗೆಪ್ರಿಯ:
ಗುರು, ಅಷ್ಟು ಸುಲಭ ಅಲ್ಲ. ಒಂದ್ಸಲ ಲೆಕ್ಕ ಇಡೋದು ಅಭ್ಯಾಸ ಆದ್ರೆ ವಾಚ್ ಇಲ್ಲದಿದ್ರೂ ಮನಸ್ಸೇ ಎಣಿಸುತ್ತೆ. ನಾನು ಓಡೋದು ಬಿಟ್ಟು ನಡಿಗೆಗೆ ಇಳಿದಿದ್ದೇ ಇದಕ್ಕೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಪ್ರಮಾಣದ ದೈಹಿಕ ಚಟುವಟಿಕೆ ಬೇಕು ಅಂತ ಹೇಳಿತು, ಸರಿಯಾದ ಮಾತೇ. ಆದ್ರೆ ಜನ ಅದನ್ನೂ ಪರೀಕ್ಷೆ ಮಾಡ್ಕೊಂಡ್ರು. 149ಕ್ಕೆ ಫೇಲು ಅನ್ನೋ ಥರ. ಬೇಗ ನಡೀರಿ, ಮನಸ್ಸು ಬಂದಲ್ಲಿ ನಿಲ್ಲಿ, ಗೊತ್ತಿಲ್ಲದ ರಸ್ತೆಗೆ ತಿರುಗಿ. ಓಡೋದೇ ಇಷ್ಟ ಅಂದ್ರೆ ಓಡಿ, ನೋವು ಮರೆಸಿ ಹಿತ ಕೊಡೋ ಎಂಡಾರ್ಫಿನ್ ಅನ್ನೋ ರಾಸಾಯನಿಕ ಬಿಡುಗಡೆ ಆದ್ರೆ ತಲೆ ತಾನಾಗೇ ಹಗುರ ಆಗುತ್ತೆ.

ಅಡಿಟಿಪ್ಪಣಿ:
ಎಂಡಾರ್ಫಿನ್ ಕತೆ ಅರ್ಧ ಸತ್ಯ. ವ್ಯಾಯಾಮ ಮಾಡಿದಾಗ ರಕ್ತದಲ್ಲಿ ಅದು ಹೆಚ್ಚಾಗೋದು ನಿಜ. ಆದ್ರೆ ರಕ್ತಕ್ಕೂ ಮಿದುಳಿಗೂ ನಡುವೆ ಇರೋ ತಡೆಗೋಡೆಯನ್ನ ಆ ಅಣು ಸಲೀಸಾಗಿ ದಾಟಲ್ಲ. ಹಾಗಾಗಿ ಓಡಿದ ಮೇಲಿನ ಆ ಹಿತಕ್ಕೆ ದೇಹವೇ ತಯಾರಿಸೋ ಎಂಡೋಕ್ಯಾನಬಿನಾಯ್ಡ್ ಅನ್ನೋ ಬೇರೆ ವಸ್ತುಗಳ ಕಡೆ ಈಗ ಹೆಚ್ಚು ಗಮನ. ಅವು ಕೊಬ್ಬಿನಲ್ಲಿ ಕರಗೋವು, ದಾಟಿಬಿಡ್ತವೆ.

ಕೊನೇಬೆಂಚು:
ಬಂದ್ರಪ್ಪ ಅಡಿಟಿಪ್ಪಣಿ ಸಾಹೇಬ್ರು. ಇನ್ನು ಓಡೋವಾಗ ಯಾವ ಅಣು ಗೋಡೆ ಹಾರ್ತು ಅನ್ನೋದೊಂದು ಟೆನ್ಶನ್ನು.

ಎರಡುಕಡ್ಡಿ:
ಅರ್ಧನಿದ್ದೆ ಅವರೇ, ನಿಮ್ಮ ಧ್ಯಾನದ ಕತೆ ಓದಿ ನಗು ಬಂತು, ನನ್ನದೂ ಅದೇ ಪಾಡು. ಕೈ ಖಾಲಿ ಇದ್ರೆ ತಲೆ ತುಂಬಿಕೊಳ್ಳುತ್ತೆ. ಅದಕ್ಕೆ ನಾನು ಹೆಣೀತೀನಿ. ಉಲ್ಲನ್, ಎರಡು ಕಡ್ಡಿ, ಅಷ್ಟೇ.

ಇದು ಅಜ್ಜಿಯರ ಕೆಲಸ ಅಂತ ಮೂಗು ಮುರಿಯೋರಿಗೆ ಒಂದು ಮಾತು. ಹೆಣಿಗೆಯಲ್ಲಿ ಮೂಲ ಕುಣಿಕೆ ಎರಡೇ, ಒಂದು ನೇರ, ಒಂದು ಉಲ್ಟಾ. ಕಂಪ್ಯೂಟರಿನ ಸೊನ್ನೆ ಒಂದರ ಹಾಗೆ ಆ ಎರಡರಲ್ಲೇ ಪ್ರಪಂಚದ ಎಷ್ಟೋ ವಿನ್ಯಾಸ ಹುಟ್ಟುತ್ತೆ. ಸಾಲು ಉದ್ದಕ್ಕೂ ಎಣಿಸ್ತಾ ಹೋಗಬೇಕು. ಈ ಎಣಿಕೆ ಇದೆಯಲ್ಲ, ಅದು ಮೀಟಿಂಗಿಗೆ ಕೂರೋಕೆ ಜಾಗ ಕೊಡಲ್ಲ. ಹಾಗಂತ ಪೂರ್ತಿ ಬುದ್ಧಿಯನ್ನೂ ಕೇಳಲ್ಲ. ಆ ನಡುವಿನ ಜಾಗದಲ್ಲೇ ಆರಾಮ ಇರೋದು.

ಕುಣಿಕೆ ಜಾರಿದ್ರೆ ಏನು ಮಾಡೋದು ಅಂತ ಹೊಸಬರಿಗೆ ಭಯ. ಒಂದು ಕುಣಿಕೆ ಕಡ್ಡಿಯಿಂದ ತಪ್ಪಿಸ್ಕೊಂಡ್ರೆ ಕೆಳಗಿನದೂ ಬಿಚ್ಚುತ್ತೆ, ಅದರ ಕೆಳಗಿನದೂ ಬಿಚ್ಚುತ್ತೆ, ಸಣ್ಣ ಏಣಿ ಥರ ಅಡ್ಡ ದಾರಗಳು ಉಳೀತವೆ. ಗಾಬರಿ ಬೀಳಬೇಡಿ. ಒಂದು ಕ್ರೋಶಾ ಕಡ್ಡಿ ತಗೊಂಡು, ತಳದಲ್ಲಿ ಉಳಿದಿರೋ ಕುಣಿಕೆಗೆ ಕೊಕ್ಕೆ ಹಾಕಿ, ಮೇಲಿನ ಮೊದಲ ಅಡ್ಡ ದಾರವನ್ನ ಅದರೊಳಗಿಂದ ಎಳೀರಿ. ಆಯ್ತಾ, ಈಗ ಅದರ ಮೇಲಿಂದು. ಮೆಟ್ಟಿಲು ಮೆಟ್ಟಿಲಾಗಿ ಹತ್ತಿ ಬಂದು ಮತ್ತೆ ಕಡ್ಡಿಗೆ ಏರಿಸಿದ್ರೆ ಬಿದ್ದ ಗುರುತೂ ಇರಲ್ಲ. ಆಫೀಸಲ್ಲಿ ಯಾವ ಎಡವಟ್ಟನ್ನ ಹೀಗೆ ತಳದಿಂದ ಎತ್ಕೊಂಡು ಬರೋಕಾಗುತ್ತೆ ಹೇಳಿ.

ಸುಮ್ನಿರೋನು:
ಇದೆಲ್ಲ ಯಾಕೆ ಅಂತೀನಿ. ಸುಮ್ನೆ ಕೂತ್ಕೊಳ್ಳಿ. ಕಿಟಕಿ ಪಕ್ಕ ಕುರ್ಚಿ ಹಾಕ್ಕೊಂಡು ಹೊರಗೆ ನೋಡಿ. ಒತ್ತಡಕ್ಕೂ ಒಂದು ಚಟುವಟಿಕೆ, ಚಟುವಟಿಕೆಗೊಂದು ಸಾಮಾನು, ಸಾಮಾನಿಗೊಂದು ಕಪಾಟು. ಏನೂ ಮಾಡದೆ ಇರೋಕೆ ನಮಗೆ ಬರದೇ ಹೋಗಿದೆ, ಅದೇ ರೋಗ.

ಎರಡುಕಡ್ಡಿ:
ನಿಮಗೆ ಬರುತ್ತಲ್ಲಪ್ಪ, ನೀವು ಕೂತ್ಕೊಳ್ಳಿ. ಬರದವರು ತಾನೇ ಇಲ್ಲಿ ಕೇಳ್ತಿರೋದು.

ಅಡಿಟಿಪ್ಪಣಿ:
ಕಿಟಕಿ ಅಂದ್ರಿ, ಅದಕ್ಕೂ ಪುರಾವೆ ಇದೆ. ರೋಜರ್ ಉಲ್ರಿಕ್ 1984ರಲ್ಲಿ ಪ್ರಕಟಿಸಿದ ಅಧ್ಯಯನ. ಪಿತ್ತಕೋಶದ ಆಪರೇಷನ್ ಆದ ರೋಗಿಗಳ ದಾಖಲೆ ತೆಗೆದು ನೋಡಿದ್ರು. ಕಿಟಕಿಯಲ್ಲಿ ಮರ ಕಾಣ್ತಿದ್ದವರು ಇಟ್ಟಿಗೆ ಗೋಡೆ ಕಾಣ್ತಿದ್ದವರಿಗಿಂತ ಬೇಗ ಮನೆಗೆ ಹೋಗಿದ್ರು, ಪ್ರಬಲ ನೋವುನಿವಾರಕಗಳನ್ನೂ ಕಡಿಮೆ ತಗೊಂಡಿದ್ರು. ಆದ್ರೆ ಬರೀ 46 ಜನ, ಅದನ್ನೂ ಹೇಳಿಬಿಡ್ತೀನಿ.

ಸುಮ್ನಿರೋನು:
ನೋಡಿದ್ರಾ. ವಿಜ್ಞಾನವೂ ನನ್ನ ಕಡೆಗೇ.

ಕೊನೇಬೆಂಚು:
ನಮ್ಮ ಕಿಟಕಿಗೆ ಪಕ್ಕದ ಮನೆ ಗೋಡೆ. ನಾನು ಲೇಟಾಗಿ ಡಿಸ್ಚಾರ್ಜ್.

ಬಣ್ಣದಡಬ್ಬಿ:
ಚಿತ್ರ ಬಿಡಿಸಿ! "ನಂಗೆ ಒಂದು ಗೆರೆ ನೆಟ್ಟಗೆ ಎಳೆಯೋಕೆ ಬರಲ್ಲ" ಅನ್ನೋದೇ ಎಲ್ಲರ ಮೊದಲ ಮಾತು. ನೆಟ್ಟಗೆ ಎಳೆಯೋಕೆ ಸ್ಕೇಲು ಇದೆ, ಬಿಡಿ. ಒಂದು ಒಣಗಿದ ಎಲೆ ಎದುರಿಗಿಟ್ಕೊಳ್ಳಿ. ಪೆನ್ನನ್ನ ಹಾಳೆ ಮೇಲಿಟ್ಟು, ಹಾಳೆ ಕಡೆ ನೋಡದೇ, ಎಲೆಯ ಅಂಚಿನ ಮೇಲೆ ಕಣ್ಣು ಎಷ್ಟು ನಿಧಾನಕ್ಕೆ ಹೋಗುತ್ತೋ ಅಷ್ಟೇ ನಿಧಾನಕ್ಕೆ ಕೈ ಬಿಡಿ. ಹುಳ ತಿಂದ ತೂತು, ಮುದುರಿದ ತುದಿ, ತೊಟ್ಟಿನ ಹತ್ರ ನರ ಕವಲೊಡೆಯೋದು, ಇವೆಲ್ಲ ಇದ್ದದ್ದೇ ಗೊತ್ತಿರಲ್ಲ. ಹಾಳೆ ಮೇಲೆ ಬಂದಿರೋದು ಎಲೆ ಥರ ಇರಲ್ಲ, ಗ್ಯಾರಂಟಿ. ಆದ್ರೆ ಆ ಹತ್ತು ನಿಮಿಷ ತಲೆಯಲ್ಲಿ ಒಂದು ಮಾತೂ ಇರಲ್ಲ.

2016ರಲ್ಲಿ ಒಂದು ಅಧ್ಯಯನ ಬಂದಿದೆ, 45 ನಿಮಿಷ ಕಲೆಯಲ್ಲಿ ತೊಡಗಿದವರಲ್ಲಿ ಸುಮಾರು 75 ಶೇಕಡಾ ಜನರಿಗೆ ಎಂಜಲಿನಲ್ಲಿ ಅಳೆದ ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನು, ಇಳಿದಿತ್ತು. ಚಿತ್ರಕಲೆ ಗೊತ್ತಿದ್ದವರಿಗೂ ಗೊತ್ತಿಲ್ಲದವರಿಗೂ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ.

ಅಡಿಟಿಪ್ಪಣಿ:
ಡ್ರೆಕ್ಸೆಲ್ ವಿಶ್ವವಿದ್ಯಾಲಯದ್ದು. 39 ಜನ. ಸುಮ್ಮನೆ ಕೂತ 45 ನಿಮಿಷದ ಜೊತೆ ಹೋಲಿಸೋಕೆ ಇನ್ನೊಂದು ಗುಂಪೇ ಇರಲಿಲ್ಲ. ಕಾರ್ಟಿಸಾಲ್ ಬೆಳಿಗ್ಗೆ ಎದ್ದಾಗ ಜಾಸ್ತಿ ಇದ್ದು ಹೊತ್ತು ಇಳೀತಾ ತಾನಾಗೇ ಇಳಿಯೋ ಹಾರ್ಮೋನು. ಚಿತ್ರ ಬಿಡಿಸಬೇಡಿ ಅಂತಲ್ಲ, ಬಿಡಿಸಿ. ಕಾರ್ಟಿಸಾಲ್ ಹೆಸರು ಹೇಳಿ ಮಾರಬೇಡಿ.

ಬಣ್ಣದಡಬ್ಬಿ:
ಯಾರು ಮಾರ್ತಿದ್ದಾರೆ ಸಾರ್? ಚರ್ಚಿಲ್ 1915ರಲ್ಲಿ ಯುದ್ಧದ ಸೋಲಿಗೆ ಪದವಿ ಹೋಗಿ ಕುಗ್ಗಿ ಕೂತಿದ್ದಾಗ 40 ದಾಟಿದ ವಯಸ್ಸಲ್ಲಿ ಕುಂಚ ಹಿಡಿದವರು, ಆಮೇಲೆ ದಶಕಗಟ್ಟಲೆ ನೂರಾರು ಚಿತ್ರ ಬಿಡಿಸಿದ್ರು. ಅವರ ಎಂಜಲು ತಗೊಂಡು ಯಾರೂ ಕಾರ್ಟಿಸಾಲ್ ನೋಡಲಿಲ್ಲ. ಇಷ್ಟ ಆಯ್ತು, ಮಾಡಿದ್ರು.

ಕಪ್ಪುಕುದುರೆ:
ಚೆಸ್. ಹಲಗೆ ಮುಂದೆ ಕೂತ್ರೆ ಪ್ರಪಂಚ 64 ಮನೆಗೆ ಇಳಿಯುತ್ತೆ, ಬೇರೆ ಯಾವ ಹವ್ಯಾಸಕ್ಕೂ ಈ ತಾಕತ್ತಿಲ್ಲ.

ನಡಿಗೆಪ್ರಿಯ:
ಆನ್‌ಲೈನಲ್ಲಿ ಮೂರು ನಿಮಿಷದ ಆಟ ಆಡೋರನ್ನ ನೋಡಿದ್ದೀನಿ. ಸೋತ ತಕ್ಷಣ "ಇನ್ನೊಂದು", ಮತ್ತೆ ಸೋತು "ಇನ್ನೊಂದೇ ಒಂದು". ಕಣ್ಣು ಕೆಂಪು, ಕಾಲು ನಡುಕ. ಇದಾ ಆರಾಮ?

ಕಪ್ಪುಕುದುರೆ:
ಅದು ಚೆಸ್ಸಿನ ತಪ್ಪಲ್ಲ, ರೇಟಿಂಗಿನದು. ಆಟಗಾರರ ಬಲವನ್ನ ಅಂಕಿಯಲ್ಲಿ ಅಳೆಯೋ ಅರ್ಪಾಡ್ ಎಲೋ ಲೆಕ್ಕಾಚಾರವನ್ನ ವಿಶ್ವ ಚೆಸ್ ಸಂಸ್ಥೆ 1970ರಲ್ಲಿ ಒಪ್ಕೊಂಡಾಗ ಅದು ಸ್ಪರ್ಧಿಗಳಿಗಾಗಿ ಇತ್ತು. ಈಗ ನಿದ್ದೆ ಬರದೆ ಹೊರಳಾಡೋ ಪ್ರತಿಯೊಬ್ಬನ ಹೆಸರಿನ ಮುಂದೂ ನಾಲ್ಕಂಕಿ ಸಂಖ್ಯೆ. ನಾನು ಈಗ ಆಡೋದು ದಿನಕ್ಕೊಂದು ನಡೆಯ ಆಟ. ಬೆಳಿಗ್ಗೆ ಎದುರಾಳಿಯ ನಡೆ ನೋಡ್ತೀನಿ, ದಿನವಿಡೀ ಅದೊಂದು ಮೂಲೇಲಿ ಕೂತಿರುತ್ತೆ, ಸಂಜೆ ಉತ್ತರ. ಬಾಸ್ ಕೂಗಾಡುವಾಗ ಕುದುರೇನ ಎಲ್ಲಿಗೆ ಹಾಕಲಿ ಅಂತ ಯೋಚಿಸ್ತಾ ತಲೆ ಆಡಿಸಿದ್ರೆ ಅವರಿಗೂ ಖುಷಿ, ನಂಗೂ ಖುಷಿ.

ಇನ್ನೊಂದು, ಎದುರಾಳಿ ತೀರಾ ಬಲಶಾಲಿ ಆದ್ರೆ ಗಾಬರಿ, ತೀರಾ ಪೆದ್ದ ಆದ್ರೆ ಬೇಜಾರು. ನಮ್ಮ ಮಟ್ಟಕ್ಕಿಂತ ಒಂಚೂರು ಮೇಲಿರಬೇಕು. ಮಿಹಾಯ್ ಚಿಕ್ಸೆಂಟ್‌ಮಿಹಾಯ್ ಅನ್ನೋ ಮನಶ್ಶಾಸ್ತ್ರಜ್ಞರು 1970ರ ದಶಕದಿಂದ ಹೇಳ್ಕೊಂಡು ಬಂದಿದ್ದು ಇದನ್ನೇ. ಕೆಲಸದ ಕಷ್ಟ ಮತ್ತು ನಮ್ಮ ಕೌಶಲ ಹೊಂದಿಕೊಂಡಾಗ ಹೊತ್ತು ಹೋಗಿದ್ದೇ ತಿಳಿಯಲ್ಲ. ಅವರು ಮಾತಾಡಿಸಿದವರಲ್ಲಿ ಚೆಸ್ ಆಟಗಾರರೂ ಇದ್ರು, ಬಂಡೆ ಹತ್ತೋರೂ ಇದ್ರು.

ಬೀಳೋಇಟ್ಟಿಗೆ:
ವಿಡಿಯೊ ಗೇಮ್ ಅಂದ್ರೆ ಎಲ್ಲ ಬೈತಾರೆ ಅಂತ ಗೊತ್ತಿದ್ದೇ ಹೇಳ್ತಿದ್ದೀನಿ, ನನ್ನ ಮದ್ದು ಟೆಟ್ರಿಸ್. 2009ರ ಪ್ರಯೋಗವೊಂದರಲ್ಲಿ ಜನರಿಗೆ ಭೀಕರ ದೃಶ್ಯಗಳ ಚಿತ್ರ ತೋರಿಸಿ, ಅರ್ಧ ಗಂಟೆ ಬಿಟ್ಟು ಕೆಲವರಿಗೆ ಹತ್ತು ನಿಮಿಷ ಟೆಟ್ರಿಸ್ ಆಡಿಸಿದ್ರು. ಮುಂದಿನ ಒಂದು ವಾರ ಆ ದೃಶ್ಯಗಳು ತಾನಾಗಿ ಕಣ್ಮುಂದೆ ಬರೋದು ಆಡಿದವರಿಗೆ ಕಡಿಮೆ ಇತ್ತು. ತುಂಡು ತಿರುಗಿಸಿ ಸೇರಿಸೋ ಕೆಲಸಕ್ಕೂ ಆ ಚಿತ್ರಗಳಿಗೂ ಮಿದುಳಲ್ಲಿ ಒಂದೇ ಜಾಗ ಬೇಕಂತೆ. ಜಾಗ ಭರ್ತಿ.

ಅಡಿಟಿಪ್ಪಣಿ:
ಎಮಿಲಿ ಹೋಮ್ಸ್ ತಂಡದ್ದು, ನೀವು ಹೇಳಿದ್ದು ಸರಿ ಇದೆ. ಆದ್ರೆ ಅದು ಆಘಾತದ ಚಿತ್ರಗಳ ಬಗ್ಗೆ. ಅರ್ಧನಿದ್ದೆಯವರ ತಲೇಲಿ ಓಡ್ತಿರೋದು ಮಾತು, ವಾದ. ಅದಕ್ಕೂ ಇದೇ ಸಾಲುತ್ತೆ ಅಂತ ಆ ಪ್ರಯೋಗ ಹೇಳಲ್ಲ.

ಬೀಳೋಇಟ್ಟಿಗೆ:
ನನಗೆ ಸಾಲ್ತಿದೆ. ಪ್ರಯೋಗಕ್ಕೆ ನನ್ನನ್ನೂ ಸೇರಿಸ್ಕೊಳ್ಳಿ.

ರಾತ್ರಿಪಾಳಿ:
ಎಲ್ಲರ ಉತ್ಸಾಹಕ್ಕೆ ತಣ್ಣೀರು ಹಾಕ್ತಿದ್ದೀನಿ, ಕ್ಷಮಿಸಿ. ನೀವೆಲ್ಲ ಮಾತಾಡ್ತಿರೋದು ಗಾಯಕ್ಕೆ ಹಚ್ಚೋ ಮುಲಾಮಿನ ಬಗ್ಗೆ. ಚಾಕು ಹಿಡಿದವರ ಬಗ್ಗೆ ಒಬ್ಬರಾದ್ರೂ ಮಾತಾಡಿದ್ರಾ? ನಾನು ಕೆಲಸ ಮಾಡೋ ಕಡೆ ಮೂವರು ಮಾಡಬೇಕಾದ್ದನ್ನ ಇಬ್ಬರ ಕೈಲಿ ಮಾಡಿಸ್ತಾರೆ. ಪಾಳಿ ಪಟ್ಟಿ ಹಿಂದಿನ ದಿನ ಸಂಜೆ ಬರುತ್ತೆ. ಆಮೇಲೆ ಅವರೇ "ಒತ್ತಡ ನಿರ್ವಹಣಾ ಕಾರ್ಯಾಗಾರ" ಇಟ್ಟು ಬಣ್ಣ ತುಂಬೋ ಪುಸ್ತಕ ಹಂಚ್ತಾರೆ. ಆ ಕಾರ್ಯಾಗಾರ ಯಾವಾಗ ಗೊತ್ತಾ? ನನ್ನ ವಾರದ ರಜೆ ದಿನ.

ಒತ್ತಡ ಇರೋದು ನನ್ನೊಳಗಲ್ಲ, ಪಾಳಿ ಪಟ್ಟಿಯೊಳಗೆ. ಹೆಣಿಗೆ ಕಲಿತ್ರೆ ಪಟ್ಟಿ ಬದಲಾಗುತ್ತಾ?

ಎರಡುಕಡ್ಡಿ:
ಆಗಲ್ಲಮ್ಮ. ಪಟ್ಟಿ ಬದಲಾಗೋಕೆ ಜಗಳವೇ ಆಡಬೇಕು. ಆದ್ರೆ ಜಗಳಕ್ಕೆ ಹೋಗೋರಿಗೂ ರಾತ್ರಿ ನಿದ್ದೆ ಬೇಕಲ್ವಾ.

ಬಣ್ಣದಡಬ್ಬಿ:
ಬಣ್ಣ ತುಂಬೋ ಪುಸ್ತಕದ ಬಗ್ಗೆ ಮಾತ್ರ ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ಬಲವಂತವಾಗಿ ಕೈಗಿಟ್ಟ ಬಣ್ಣ ಮನಸ್ಸಿಗೆ ಹತ್ತಲ್ಲ.

ಅಡಿಟಿಪ್ಪಣಿ:
ರಾತ್ರಿಪಾಳಿಯವರ ಮಾತಿಗೆ ಇನ್ನೊಂದು ಸೇರಿಸ್ತೀನಿ. ಜರ್ಮನಿಯ ಮನಶ್ಶಾಸ್ತ್ರಜ್ಞೆ ಸಬೀನ ಸೊನೆನ್‌ಟಾಗ್ ಕೆಲಸದ ನಂತರ ಜನ ಹೇಗೆ ಚೇತರಿಸ್ಕೊಳ್ತಾರೆ ಅನ್ನೋದನ್ನೇ ಅಧ್ಯಯನ ಮಾಡ್ಕೊಂಡು ಬಂದವರು. 2007ರಲ್ಲಿ ಷಾರ್ಲಟ್ ಫ್ರಿಟ್ಸ್ ಜೊತೆ ಅದನ್ನ ಅಳೆಯೋ ಒಂದು ಪ್ರಶ್ನಾವಳಿ ತಂದ್ರು. ಅದರಲ್ಲಿ ನಾಲ್ಕು ವಿಷಯ: ಮನಸ್ಸು ಕೆಲಸದಿಂದ ಕಳಚಿಕೊಳ್ಳೋದು, ವಿಶ್ರಾಂತಿ, ಹೊಸದೇನೋ ಕೈವಶ ಆಗೋ ಅನುಭವ, ಮತ್ತೆ ಬಿಡುವಿನ ಹೊತ್ತಲ್ಲಿ ಏನು ಮಾಡಬೇಕು ಅನ್ನೋದು ನಮ್ಮ ಕೈಲೇ ಇರೋದು. ರಜೆ ದಿನ ಕರೆಸಿ ಬಣ್ಣ ಕೊಟ್ರೆ ಕೊನೇದು ಹೋಯ್ತು. ವಾಚು ಹೆದರಿಸಿ ಓಡಿಸಿದ್ರೂ ಅಷ್ಟೇ.

ಮೊದಲನೇದು, ಅಂದ್ರೆ ಕಳಚಿಕೊಳ್ಳೋದು, ಆಗದೇ ಇದ್ರೆ ಬೈಬೇಕಾಗಿರೋದು ಫೋನನ್ನ. ಹೆಣಿಗೆ ಮಧ್ಯೆ ಆಫೀಸಿನ ಗ್ರೂಪ್ ಟಿಣ್ ಅಂದ್ರೆ ಕಳಚಿಕೊಂಡ ಮನಸ್ಸು ಮತ್ತೆ ಅಲ್ಲಿಗೇ.

ಎರಡನೇಪಾಳಿ:
ನಾನೂ ಒಂದು ಕೇಳ್ಲಾ? ಈ "ಬಿಡುವಿನ ಹೊತ್ತು" ಅಂತೀರಲ್ಲ, ಅದು ಎಲ್ಲಿ ಸಿಗುತ್ತೆ? ಆಫೀಸ್ ಮುಗಿಸಿ ಮನೆಗೆ ಬಂದ್ರೆ ಮಗು ಹೋಂವರ್ಕು, ಪಾತ್ರೆ, ಬಟ್ಟೆ, ಅತ್ತೆಯವರ ಮಾತ್ರೆ. ನಮ್ಮೆಜಮಾನ್ರಿಗೆ ಅಡುಗೆ ಹವ್ಯಾಸ. ಯಾವತ್ತೋ ಒಂದು ದಿನ ಮನಸ್ಸಾದಾಗ ಮಾಡ್ತಾರೆ, ಫೋಟೊ ಹಾಕ್ತಾರೆ, "ಎಂಥಾ ಸ್ಟ್ರೆಸ್ ಬಸ್ಟರ್ ಗೊತ್ತಾ" ಅಂತಾರೆ. ಒಲೆ ಕಟ್ಟೆ ಒರೆಸೋಳು ನಾನು. ದಿನಾ ಮಾಡೋ ನನಗೆ ಅದೇ ಅಡುಗೆ ಯಾಕೆ ಬಸ್ಟರ್ ಆಗ್ಲಿಲ್ಲ?

ಕಪ್ಪುಕುದುರೆ:
ಬೇಡ ಅಂದ್ರೆ ಬಿಡೋ ಹಾಗಿಲ್ಲವಲ್ಲ, ಅದಕ್ಕೆ. ಮೇಲೆ ಹೇಳಿದ ನಾಲ್ಕನೇದು.

ಎರಡನೇಪಾಳಿ:
ಅದು ನನಗೂ ಗೊತ್ತು ಸಾರ್, ಅವರಿಗೆ ಹೇಳೋರು ಯಾರು.

ರಾತ್ರಿಪಾಳಿ:
ಈ ಚರ್ಚೆಯ ಲಿಂಕ್ ಕಳ್ಸಿ ಅವರಿಗೆ 😄

ಎರಡುಕಡ್ಡಿ:
ಎರಡನೇಪಾಳಿ, ನಿಮ್ಮಂಥವರಿಗೆ ಅರ್ಧ ಗಂಟೆಯ ಹವ್ಯಾಸ ಹೇಳೋದೇ ಅನ್ಯಾಯ. ತುಂಡು ತುಂಡಾಗಿ ಮಾಡೋಕೆ ಬರೋದು, ಮಧ್ಯೆ ಬಿಟ್ಟೆದ್ರೂ ಕೆಡದೇ ಇರೋದು ನೋಡ್ಕೊಳ್ಳಿ. ಬಸ್ಸಲ್ಲಿ, ಡಾಕ್ಟರ್ ಕಾಯೋ ಹೊತ್ತಲ್ಲಿ ನಾನು ಒಂದೊಂದು ಸಾಲು ಹೆಣೆದಿದ್ದೀನಿ. ಆದ್ರೆ ಮೊದಲು ಒಲೆ ಕಟ್ಟೆ ಅವರ ಕೈಲೇ ಒರೆಸಿ. ಅದಕ್ಕಿಂತ ದೊಡ್ಡ ಚಿಕಿತ್ಸೆ ನನಗೆ ಗೊತ್ತಿಲ್ಲ.

ಉಳಿಪೆಟ್ಟು:
ತಡವಾಗಿ ಬಂದೆ. ನಂದು ಮರದ ಕೆತ್ತನೆ. ಸಣ್ಣ ಸೌಟು, ಹಕ್ಕಿ, ಅಂಥವೇ. ಕಲಿಸಿದವರು ಮೊದಲು ಕಲಿಸಿದ್ದು ಕೆತ್ತೋದಲ್ಲ, ಉಳಿ ಮಸೆಯೋದು. ಮೊಂಡು ಉಳಿಗೆ ಬಲ ಜಾಸ್ತಿ ಹಾಕ್ಬೇಕು, ಬಲ ಹಾಕಿದ್ರೆ ಜಾರುತ್ತೆ, ಜಾರಿದ್ರೆ ಬೆರಳು. ಹರಿತ ಇದ್ರೆ ಸಣ್ಣ ಒತ್ತಡಕ್ಕೇ ಸಿಪ್ಪೆ ಸುರುಳಿಯಾಗಿ ಏಳುತ್ತೆ. ಎಳೆಯ ದಿಕ್ಕಿಗೆ ಹೋದ್ರೆ ಸರ್ ಅಂತ ಮೆತ್ತಗೆ ಸದ್ದು, ವಿರುದ್ಧ ಹೋದ್ರೆ ಕಿತ್ತುಬರುತ್ತೆ, ಸದ್ದೇ ಬೇರೆ. ಕಿವಿಯಲ್ಲೇ ಗೊತ್ತಾಗುತ್ತೆ. ಮರ ನಿಮ್ಮ ಅವಸರ ಕೇಳಲ್ಲ.

ಹೇಳೋಕೆ ಬಂದಿದ್ದು ಬೇರೆ. ಸ್ನೇಹಿತರು "ಎಷ್ಟು ಚೆನ್ನಾಗಿದೆ, ಮಾರಬಹುದಲ್ಲ" ಅಂದ್ರು. ಮಾರಿದೆ. ಆರ್ಡರ್ ಬಂತು. "ಹೋದ ಸಲದ್ದೇ ಥರ ಇರ್ಲಿ, ಶುಕ್ರವಾರಕ್ಕೆ ಬೇಕು." ಸೌಟು ಕೆತ್ತೋಕೂ ಶುಕ್ರವಾರದ ಗಡುವು! ಆ ತಿಂಗಳು ಉಳಿ ಮುಟ್ಟೋಕೇ ಬೇಜಾರು. ಈಗ ಮಾರಲ್ಲ. ಯಾರಾದ್ರೂ ಕೇಳಿದ್ರೆ ಸುಮ್ನೆ ಕೊಟ್ಬಿಡ್ತೀನಿ, ಯಾವಾಗ ಮುಗಿಯುತ್ತೋ ಆವಾಗ.

ಕೊನೇಬೆಂಚು:
ನಂಗೊಂದು ಸೌಟು. ಶುಕ್ರವಾರಕ್ಕೆ.

ಉಳಿಪೆಟ್ಟು:
ಯಾವ ಶುಕ್ರವಾರ ಅಂತ ಮಾತ್ರ ಕೇಳ್ಬೇಡಿ.

ಅಡಿಟಿಪ್ಪಣಿ:
ಇದಕ್ಕೆ ಬಹಳ ಹಳೇ ಪ್ರಯೋಗವೇ ಇದೆ. ಲೆಪರ್, ಗ್ರೀನ್, ನಿಸ್ಬೆಟ್ ಅನ್ನೋ ಮನಶ್ಶಾಸ್ತ್ರಜ್ಞರದ್ದು, 1973. ಶಾಲೆಪೂರ್ವ ತರಗತಿಯ ಮಕ್ಕಳು, ಬಣ್ಣದ ಪೆನ್ನಲ್ಲಿ ಚಿತ್ರ ಬಿಡಿಸೋದು ಮೊದಲೇ ಇಷ್ಟ ಇದ್ದವರು. ಒಂದು ಗುಂಪಿಗೆ "ಬಿಡಿಸಿದ್ರೆ ಪ್ರಶಸ್ತಿ ಪತ್ರ" ಅಂತ ಮೊದಲೇ ಹೇಳಿದ್ರು. ಕೆಲವು ದಿನ ಬಿಟ್ಟು ನೋಡಿದ್ರೆ ಆ ಮಕ್ಕಳು ಬಿಡುವಿನಲ್ಲಿ ಚಿತ್ರ ಬಿಡಿಸೋದು ಉಳಿದವರ ಸುಮಾರು ಅರ್ಧಕ್ಕೆ ಇಳಿದಿತ್ತು. ಹೇಳದೇ ಕೇಳದೇ ಆಮೇಲೆ ಪತ್ರ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ. ಹಾಗಾಗಿ ತೊಂದರೆ ಬಹುಮಾನದ್ದಲ್ಲ, ಬಹುಮಾನಕ್ಕಾಗಿ ಮಾಡೋದರದ್ದು.

ಬೀಳೋಇಟ್ಟಿಗೆ:
ಹಾಗಿದ್ರೆ ಲೈಕು?

ಬಣ್ಣದಡಬ್ಬಿ:
ಲೈಕು ಅದಕ್ಕಿಂತ ಕೆಟ್ಟದ್ದು. ಪತ್ರ ಒಂದೇ ಸಲ ಬರುತ್ತೆ, ಲೈಕು ಪ್ರತಿ ಸಲ ಎಣಿಸಬೇಕು. ನನ್ನ ಒಂದು ಚಿತ್ರದ ಪುಸ್ತಕ ಯಾರಿಗೂ ತೋರ್ಸಲ್ಲ ಅಂತಲೇ ಇದೆ. ಅದರಲ್ಲೇ ಒಳ್ಳೇವು ಇರೋದು, ಏನ್ಮಾಡೋದು.

ಕಪ್ಪುಕುದುರೆ:
ಒಪ್ಪಲ್ಲ. ಹಣ ಬಂದ್ರೆ ಹವ್ಯಾಸ ಸತ್ತೇಹೋಗುತ್ತೆ ಅನ್ನೋದು ಹೊಟ್ಟೆ ತುಂಬಿದವರ ಮಾತು. ನನಗೆ ಗೊತ್ತಿರೋ ಒಬ್ಬರು ಹೊಲಿಗೆಯಿಂದಲೇ ಮನೆ ನಡೆಸ್ತಾರೆ, ಈಗಲೂ ಮಷಿನ್ ಮುಂದೆ ಕೂತ್ರೆ ಮುಖ ಅರಳುತ್ತೆ.

ಉಳಿಪೆಟ್ಟು:
ಅವರಿಗೆ ನಮಸ್ಕಾರ. ನಾನು ನನ್ನ ಕತೆ ಹೇಳಿದೆ ಅಷ್ಟೇ, ಎಲ್ಲರಿಗೂ ಕಾನೂನು ಮಾಡಲಿಲ್ಲ.

ಬೀಳೋಇಟ್ಟಿಗೆ:
ಕೋಪ ಬಂದಾಗ ಪಂಚಿಂಗ್ ಬ್ಯಾಗ್ ಗುದ್ದೋದು ಹೇಗೆ? ಅರ್ಧನಿದ್ದೆಯವರ ಮೀಟಿಂಗಿಗೆ ಅದೇ ಸರಿ ಅನ್ಸುತ್ತೆ. ಮ್ಯಾನೇಜರ್ ಮುಖ ನೆನೆಸ್ಕೊಂಡು ನಾಲ್ಕು ಬಿಟ್ರೆ ಒಳಗಿದ್ದದ್ದು ಹೊರಗೆ ಬರುತ್ತೆ.

ಅಡಿಟಿಪ್ಪಣಿ:
ಬರಲ್ಲ, ಇನ್ನೂ ಕುದಿಯುತ್ತೆ. ಬ್ರ್ಯಾಡ್ ಬುಶ್ಮನ್ 2002ರಲ್ಲಿ ಇದನ್ನೇ ಪರೀಕ್ಷಿಸಿದ್ರು. ಸಿಟ್ಟು ಬರಿಸಿದವನನ್ನ ನೆನೆಸ್ಕೊಂಡು ಬ್ಯಾಗ್ ಗುದ್ದಿದವರಲ್ಲೇ ಸಿಟ್ಟು ಹೆಚ್ಚು ಉಳೀತು. ಏನೂ ಮಾಡದೆ ಎರಡು ನಿಮಿಷ ಸುಮ್ಮನೆ ಕೂತವರು ಅವರಿಗಿಂತ ಶಾಂತ.

ಸುಮ್ನಿರೋನು:
ಮತ್ತೆ ನಾನೇ ಗೆದ್ದೆ.

ಅಪಸ್ವರ:
ಹಾಡ್ರೀ ಎಲ್ಲಾರೂ! ಬಾತ್‌ರೂಮಿನ್ಯಾಗ ಹಾಡ್ರಿ, ಗಾಡಿ ಒಳಗ ಹಾಡ್ರಿ. ಹಾಡಬೇಕಂದ್ರ ಗಬಕ್ಕನೆ ಉಸಿರು ತಗೊಂಡು ನಿಧಾನಕ ಬಿಡಬೇಕು, ಸಾಲು ಮುಗಿಯೋ ಮಟ. ಉಸಿರು ಬಿಡುವಾಗ ಎದಿಬಡಿತ ಸ್ವಲ್ಪ ಇಳೀತದ, ತಗೊಳ್ಳುವಾಗ ಏರ್ತದ, ಇದು ಮಿದುಳಿಂದ ಎದಿಗೆ ಹೋಗೋ ವೇಗಸ್ ನರದ ಆಟ. ಉದ್ದಕ ಬಿಟ್ಟಷ್ಟೂ ಮೈ ಸಡಿಲ ಆಗ್ತದ. ಹಾಡಾಕ ನಾಚಿಕಿ ಅನ್ನೋರು ಬಾಯಿ ಮುಚ್ಕೊಂಡು ಮ್‌ಮ್ ಅಂತ ಗುನುಗಿದರೂ ನಡೀತದ. ನನ್ನ ಹೆಸರು ನೋಡೀರಲ್ಲ, ನಾನೇ ಹಾಡ್ತೀನಿ ಅಂದ್ಮ್ಯಾಗ ನಿಮಗೇನಾಗ್ಯದ?

ಕೊನೇಬೆಂಚು:
ನಿಮಗೆ ಒತ್ತಡ ಇಳೀತು. ಪಕ್ಕದ ಮನೆಯವರದ್ದು?

ಅಪಸ್ವರ:
ಅವರಿಗೆ ಹೆಣಿಗಿ ಕಲಸ್ರಿ, ಎರಡುಕಡ್ಡಿ ಅಕ್ಕಾರ ಇದ್ದಾರಲ್ಲ.

ನಡಿಗೆಪ್ರಿಯ:
ಡೈರಿ ಬರೆಯೋರು ಯಾರೂ ಇಲ್ವಾ? ಮೀಟಿಂಗ್ ತಲೇಲಿ ಓಡ್ತಿದ್ರೆ ಅದನ್ನೇ ಹಾಳೆಗೆ ಇಳಿಸಿಬಿಡೋದು.

ಅಡಿಟಿಪ್ಪಣಿ:
ಮನಶ್ಶಾಸ್ತ್ರಜ್ಞ ಪೆನ್ನೆಬೇಕರ್, 1986. ವಿದ್ಯಾರ್ಥಿಗಳಿಗೆ ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಿಗೆ ನೋವಾದ ಘಟನೆ ಬಗ್ಗೆ ಬರೆಸಿದ್ರು. ಮುಂದಿನ ತಿಂಗಳುಗಳಲ್ಲಿ ಅವರು ಆರೋಗ್ಯ ಕೇಂದ್ರಕ್ಕೆ ಹೋಗೋದು ಕಡಿಮೆ ಆಯ್ತು. ಆದ್ರೆ ಬರೆದು ಎದ್ದ ತಕ್ಷಣ ಅವರ ಮನಸ್ಸು ಮೊದಲಿಗಿಂತ ಕೆಟ್ಟಿತ್ತು. ಮಲಗೋಕೆ ಮುಂಚೆ ಬರೆಯೋರು ಇದನ್ನ ಗಮನದಲ್ಲಿ ಇಟ್ಕೊಳ್ಳಿ.

ರಾತ್ರಿಪಾಳಿ:
ಮಲಗೋ ವಿಷಯ ಬಂತು ಅಂತ ಹೇಳ್ತೀನಿ. ವಾರಗಟ್ಟಲೆ ನಿದ್ದೆ ಇಲ್ಲ, ಹಿಂದೆ ಖುಷಿ ಕೊಡ್ತಿದ್ದ ಯಾವುದೂ ಬೇಡ ಅನ್ಸುತ್ತೆ, ಎದೆ ಹಿಡ್ಕೊಂಡ ಹಾಗಾಗುತ್ತೆ ಅನ್ನೋರು ಇಲ್ಲಿ ಸಲಹೆ ಹುಡುಕ್ತಾ ಕೂರಬೇಡಿ, ಡಾಕ್ಟರ್ ಹತ್ರ ಹೋಗಿ. ಅದು ಹವ್ಯಾಸದ ಕೆಲಸ ಅಲ್ಲ.

ಬೇರುಬಿಳಲು:
ಇಷ್ಟು ಹೊತ್ತಾದ್ರೂ ಗಿಡದ ಬಗ್ಗೆ ಯಾರೂ ಹೇಳಲಿಲ್ವಲ್ಲ ಮಾರಾಯ್ರೇ! ಕುಂಡದಲ್ಲಿ ನಾಲ್ಕು ಗಿಡ ಇಡಿ ಸಾಕು. ಗಿಡಕ್ಕೆ ನೋಟಿಫಿಕೇಶನ್ ಇಲ್ಲ, ಸರಣಿ ಇಲ್ಲ. ಎರಡು ದಿನ ಮರೆತ್ರೂ ಬೇಜಾರಿಲ್ಲ. ನಿಜ ಹೇಳ್ಬೇಕಂದ್ರೆ ಮನೆಯೊಳಗಿನ ಗಿಡ ಹೆಚ್ಚಾಗಿ ಸಾಯೋದು ಮರೆತಿದ್ದಕ್ಕಲ್ಲ, ಅತಿ ಪ್ರೀತಿಗೆ. ಒತ್ತಡದಲ್ಲಿರೋರು ಗಿಡದ ಮುಂದೆ ನಿಂತ್ರೆ ಏನಾದ್ರೂ ಮಾಡಲೇಬೇಕು ಅನ್ಸಿ ನೀರು ಹಾಕ್ತಾರೆ. ಮಣ್ಣಿನ ಸಂದಿಯಲ್ಲಿ ಗಾಳಿ ಇಲ್ಲದೆ ಬೇರು ಕೊಳೆಯುತ್ತೆ, ಎಲೆ ಹಳದಿ ಆಗುತ್ತೆ, ಅದನ್ನ ನೋಡಿ "ಬಾಯಾರಿದೆ" ಅಂತ ಇನ್ನೂ ನೀರು. ಬೆರಳನ್ನ ಎರಡು ಗಣ್ಣು ಮಣ್ಣಿಗೆ ಇಳಿಸಿ. ಒದ್ದೆ ಇದ್ರೆ ಕೈ ತೊಳ್ಕೊಂಡು ಒಳಗೆ ಹೋಗಿ.

ಎರಡನೇಪಾಳಿ:
ಮನೇಲಿ ಇನ್ನೊಂದು ಜೀವ ನೋಡ್ಕೊಳ್ಳೋಕೆ ಹೇಳ್ಬೇಡಿ ನಂಗೆ, ಕೈ ಮುಗೀತೀನಿ.

ಬೇರುಬಿಳಲು:
ಅಯ್ಯೋ, ನಿಮಗಲ್ಲ! ನಿಮ್ಮ ಯಜಮಾನ್ರಿಗೆ ಕೊಡಿ, ಫೋಟೊ ಹಾಕಲಿ.

ನಿರ್ವಾಹಕ:
ಯಜಮಾನರನ್ನು ಇಲ್ಲಿಗೆ ಬಿಡೋಣ 🙂 ವಿಷಯಕ್ಕೆ ಬನ್ನಿ.

ಅರ್ಧನಿದ್ದೆ:
ಎಲ್ಲ ಓದಿದೆ, ಇಷ್ಟೊಂದು ಜನ ಬರೀತೀರಿ ಅಂದ್ಕೊಂಡಿರಲಿಲ್ಲ. ಆ್ಯಪ್ ತೆಗೆದೆ. ತೆಗೆಯುವಾಗಲೂ "ನಿಜವಾಗ್ಲೂ ಬಿಟ್ಟು ಹೋಗ್ತೀರಾ, ಇಷ್ಟು ದಿನದ ಸಾಧನೆ ಅಳಿಸಿಹೋಗುತ್ತೆ" ಅಂತ ಅಂಗಲಾಚಿತು. ವಾಚ್ ಇಟ್ಕೊಂಡಿದ್ದೀನಿ, ಗಂಟೆ ನೋಡೋಕೆ. ರಾತ್ರಿಪಾಳಿಯವರು ಹೇಳಿದ್ದೂ ಮನಸ್ಸಲ್ಲಿದೆ. ಆ ಮೀಟಿಂಗನ್ನ ಕೆಲಸ ಮುಗಿಯೋ ಹೊತ್ತಿಗೆ ಇಡಬೇಡಿ ಅಂತ ಕೇಳಿದ್ದೀನಿ, ಉತ್ತರ ಬಂದಿಲ್ಲ. ಮನೇಲಿ ಹಳೇ ಉಲ್ಲನ್ ಸಿಕ್ತು, ಕಪ್ಪು. ಅದರಲ್ಲೇ ಶುರು ಮಾಡ್ಲಾ ಎರಡುಕಡ್ಡಿ ಮೇಡಂ?

ಎರಡುಕಡ್ಡಿ:
ಕಪ್ಪು ಬೇಡ! ರಾತ್ರಿ ದೀಪದ ಬೆಳಕಲ್ಲಿ ಕುಣಿಕೆ ಯಾವುದು ಸಂದಿ ಯಾವುದು ಕಾಣಲ್ಲ, ಮೊದಲ ದಿನವೇ ಬಿಸಾಕ್ತೀರ. ತಿಳಿ ಬಣ್ಣದ್ದು, ಒಂದೇ ಬಣ್ಣದ್ದು, ಮಧ್ಯಮ ದಪ್ಪ. ಕಡ್ಡಿ 5 ಮಿಲಿಮೀಟರ್ ಇರ್ಲಿ, ಬಿದಿರಿನದ್ದಾದ್ರೆ ಒಳ್ಳೇದು, ಉಕ್ಕಿನದ್ದು ಜಾರುತ್ತೆ. ಇಪ್ಪತ್ತು ಕುಣಿಕೆ ಹಾಕಿ ಬರೀ ನೇರ ಹೆಣೀತಾ ಹೋಗಿ. ಏನಾಗುತ್ತೆ ಅಂತ ಕೇಳ್ಬೇಡಿ, ಏನೂ ಆಗಲ್ಲ, ಒಂದು ಚೌಕ ಬಟ್ಟೆ ಆಗುತ್ತೆ. ಕೈ ಬಿಗಿ ಹಿಡಿಯೋರಿಗೆ ಕುಣಿಕೆ ಕಡ್ಡಿ ಮೇಲೆ ಜರುಗೋದೇ ಇಲ್ಲ. ಹಾಗಾದ್ರೆ ಭುಜ ಕೆಳಗೆ ಬಿಡಿ, ಒಂದು ಸಾಲು ಬಿಚ್ಚಿ ಮತ್ತೆ ಹಾಕಿ.

ಕೊನೇಬೆಂಚು:
ಬೇರುಬಿಳಲು ಅವರೇ, ವಿಷಯಾಂತರ, ನಿರ್ವಾಹಕರು ಬರೋದ್ರೊಳಗೆ ಹೇಳಿಬಿಡಿ. ನಮ್ಮನೆ ಕುಂಡದ ಸುತ್ತ ಸಾಸಿವೆ ಗಾತ್ರದ ಕಪ್ಪು ನೊಣ, ಮುಖಕ್ಕೇ ಬರ್ತವೆ. ಗಿಡ ಇಟ್ಟಿದ್ದಕ್ಕೇ ಒತ್ತಡ ಈಗ.

ಬೇರುಬಿಳಲು:
ನೀರು ಜಾಸ್ತಿ ಆಗಿದೆ, ಇನ್ನೇನು. ಅವು ಮೊಟ್ಟೆ ಇಡೋದು ಒದ್ದೆ ಮಣ್ಣಿನ ಮೇಲ್ಪದರದಲ್ಲಿ, ಮರಿಗಳು ಬೆಳೆಯೋದೂ ಅಲ್ಲೇ. ಮೇಲಿನ ಎರಡು ಇಂಚು ಪೂರ್ತಿ ಒಣಗೋ ತನಕ ನೀರು ಮುಟ್ಟಿಸಬೇಡಿ. ಹಾರಾಡೋವಕ್ಕೆ ಹಳದಿ ಅಂಟು ಹಾಳೆ ಸಿಗುತ್ತೆ, ಮಣ್ಣಿನ ಹತ್ತಿರಕ್ಕೆ ಸಿಕ್ಕಿಸಿ. ಎರಡು ಮೂರು ವಾರ ಹಿಡಿಯುತ್ತೆ, ಮೊಟ್ಟೆಯಲ್ಲಿದ್ದವು ಹೊರಗೆ ಬರೋವರೆಗೂ ಮುಗಿಯಲ್ಲ. ಯಾವ ಗಿಡ ಅಂತ ಹೇಳಲೇ ಇಲ್ವಲ್ಲ?

ಕೊನೇಬೆಂಚು:
ಹೆಸರು ಗೊತ್ತಿಲ್ಲ. ಹಸಿರಿದೆ.

ಬೇರುಬಿಳಲು:
ಫೋಟೊ ಹಾಕಿ ಮಾರಾಯ್ರೇ. ಎಲೆಯ ಹಿಂಬದಿದೂ ಒಂದು ಇರ್ಲಿ, ಕುಂಡದ ತಳಕ್ಕೆ ತೂತು ಇದೆಯಾ ಅದನ್ನೂ ನೋಡಿ.